ರೇಣವ್ವ ಹಲ್ಲು ನೋಡಲು ಕಲಿತದ್ದು

ಅಮೀನಗಡದ ಕರದಂಟಿನ ಅಂಗಡಿಯೊಂದರ ಒಳಮನೆಯಲ್ಲಿ ರೇಣವ್ವ ಇಪ್ಪತ್ತೆರಡು ವರ್ಷಗಳಿಂದ ಬೆಲ್ಲದ ಪಾಕ ಕಾಯಿಸುತ್ತಾಳೆ. ಪಾಕ ಹದಕ್ಕೆ ಬಂದದ್ದು ಅವಳಿಗೆ ವಾಸನೆಯಲ್ಲೇ ತಿಳಿಯುತ್ತದೆ. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ ಸುರಿದು, ಕೈಯಾಡಿಸಿ ಇಳಿಸಿದ ಮೇಲೆ ಕಡಾಯಿಯ ತಳಕ್ಕೆ ಹತ್ತಿದ್ದನ್ನು ಕೆರೆದು ಒಯ್ಯಲು ಮಾಲೀಕರ ಅಡ್ಡಿಯಿಲ್ಲ. ಆ ಪೊಟ್ಟಣ ಮೊಮ್ಮಗಳು ನೇತ್ರಾಳ ಪಾಲು. ಒಂದನೇ ಇಯತ್ತೆಯ ನೇತ್ರಾ ಅಜ್ಜಿಯ ಮಗ್ಗುಲಲ್ಲಿ ಮಲಗಿ, ಒಂದು ತುಣುಕನ್ನು ಗಲ್ಲದಲ್ಲಿ ಒತ್ತಿಟ್ಟುಕೊಂಡು, ಚೀಪುತ್ತ ಚೀಪುತ್ತಲೇ ನಿದ್ದೆ ಹೋಗುವಳು. ಅದನ್ನು ನೋಡುವುದೇ ರೇಣವ್ವನಿಗೆ ದಿನದ ಸುಖ.

ಒಂದು ಸೋಮವಾರ ಬೆಳಿಗ್ಗೆ ನೇತ್ರಾಳ ಎಡಗಲ್ಲ ಬೋರೆಹಣ್ಣಿನಷ್ಟು ಊದಿತ್ತು. ರೇಣವ್ವ ಲವಂಗ ಜಜ್ಜಿ ಇಟ್ಟಳು. ಮಧ್ಯಾಹ್ನವಾದರೂ ಬಾವು ಇಳಿಯಲಿಲ್ಲ.

“ಹಾಲಹಲ್ಲ ಐತಿ, ಇವತ್ತಿಲ್ಲ ನಾಳೆ ಬೀಳತೈತಿ. ಅದಕ್ಕ್ಯಾಕ ದವಾಖಾನಿ?” ಎಂದಳು ಸೊಸೆಗೆ.

“ಮೈ ಸುಡಾಕತ್ತೈತ್ರಿ ಅತ್ತಿ. ನಾ ಕರಕೊಂಡು ಹೋಗ್ತೇನಿ,” ಎಂದು ಭಾಗ್ಯಾ ಹೊರಟಳು. ರೇಣವ್ವನೂ ಸೆರಗು ಬಿಗಿದು ಬಸ್ಸು ಹತ್ತಿದಳು.

ನವನಗರದ ಹಲ್ಲಿನ ದವಾಖಾನೆಯಲ್ಲಿದ್ದವಳು ಮುಬಶೀರಾ ಎಂಬ ಹರೆಯದ ಡಾಕ್ಟರು. ಕನ್ನಡಿಯನ್ನು ನೇತ್ರಾಳ ಕೈಗೇ ಕೊಟ್ಟು, ಬಾಯಿ ತೆರೆಸಿ ನೋಡಿದಳು.

“ದವಡಿ ಹಲ್ಲಿನ ಬುಡದಾಗ ಕೀವು ಆಗೇತ್ರಿ. ಮೊದಲ ಔಷಧ ಕೊಡ್ತೇನಿ. ಆಮ್ಯಾಲ ಬೇರು ಸ್ವಚ್ಛ ಮಾಡಿ, ಮ್ಯಾಲೊಂದು ಟೋಪಿ ಹಾಕೂಣು.”

“ಬೀಳೂ ಹಲ್ಲಿಗೆ ಟೋಪಿ ಯಾಕವ್ವಾ?”

“ಈ ಹಲ್ಲು ಬೀಳಾಕ ಇನ್ನಾ ನಾಲ್ಕು ವರ್ಷ ಬೇಕ್ರಿ ಆಯಿ. ಅಲ್ಲೀತನಕ ಹೊಸಾ ಹಲ್ಲಿನ ಜಾಗಾ ಕಾಯೂದು ಇದ. ಈಗ ಕಿತ್ತರ ಬಾಜೂ ಹಲ್ಲು ಸರದು ಹೊಸಾದು ಸೊಟ್ಟ ಬರತೈತಿ. ಇದರ ಹಿಂದಿಂದ ನೋಡ್ರಿ, ಇದು ಹಾಲಹಲ್ಲಲ್ಲ. ಯಾವ ಹಲ್ಲೂ ಬೀಳದ ಆರು ವರ್ಷಕ್ಕ ಸುಮ್ಮನ ಬರತೈತಿ. ಮುಪ್ಪಿನತನಕ ಬಾಳೂ ಹಲ್ಲು. ಇದಕ್ಕೂ ಕರಿ ಚುಕ್ಕಿ ಬಿದ್ದೈತಿ.”

ರೇಣವ್ವ ಬಗ್ಗಿ ನೋಡಿದಳು. ಒಸಡಿನಿಂದ ಈಗಷ್ಟೇ ಮೇಲೆದ್ದ ಅಗಲ ಹಲ್ಲು, ಅದರ ಗೀರಿನಲ್ಲಿ ಸಾಸಿವೆಯಂಥ ಚುಕ್ಕಿ. ಅಂಥದೊಂದು ಹಲ್ಲು ಬಂದದ್ದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಮಲಗೂಮುಂದ ಸಿಹಿ ಏನರ ತಿಂತಾಳೇನ್ರಿ?” ಡಾಕ್ಟರು ಭಾಗ್ಯಾಳನ್ನು ಕೇಳಿದಳು.

ಭಾಗ್ಯಾ ನೆಲ ನೋಡುತ್ತ ನಿಂತಳು. ಮಲಗುವಾಗ ಸಿಹಿ ಬೇಡವೆಂದು ಅತ್ತೆಗೆ ಎರಡು ಸಲ ಹೇಳಿದವಳೇ ಅವಳು. ಯಾರಾದರೂ ಬೈದಿದ್ದರೆ ರೇಣವ್ವನಿಗೆ ಅಷ್ಟು ನೋಯುತ್ತಿರಲಿಲ್ಲ.

“ನಾನ ಕೊಡ್ತೇನ್ರಿ,” ಎಂದಳು. “ದಿನಾ. ಬಾಯಾಗ ಇಟಗೊಂಡ ಮಲಗತೈತಿ ಕೂಸು.”

“ಕೊಡಬ್ಯಾಡ್ರಿ ಅನ್ನೂದಿಲ್ಲ ಆಯಿ. ಊಟದ ಜೋಡಿ ಕೊಡ್ರಿ, ಬಾಯಿ ಮುಕ್ಕಳಿಸಾಕ ಹಚ್ಚರಿ. ಮಲಗೂ ಮೊದಲ ನೀವ ಬ್ರಷ್ ಹಿಡೀರಿ. ಸಣ್ಣ ಹುಡುಗರ ಕೈಗೆ ಹಿಂದಿನ ಹಲ್ಲು ನಿಲುಕೂದಿಲ್ಲ.”

ತಿರುಗಿ ಬರುವ ಬಸ್ಸಿನಲ್ಲಿ ನೇತ್ರಾ ತೊಡೆಯ ಮೇಲೆ ಮಲಗಿದ್ದಳು. “ಡಾಕ್ಟರಿಗೆ ನೀನ ಹೇಳಬೇಕಿಲ್ಲೇನ ಬೇ?” ಎಂದಳು ರೇಣವ್ವ.

“ನಾಕು ಮಂದಿ ಮುಂದ ನಿಮ್ಮ ಹೆಸರು ಹೆಂಗ ಹೇಳ್ಲಿ ಅತ್ತಿ?”

ರೇಣವ್ವ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಬಾವು ಇಳಿದ ಮೇಲೆ ಹಾಲುಹಲ್ಲಿಗೆ ಬೆಳ್ಳಿಬಣ್ಣದ ಟೋಪಿ ಬಂತು; ಹಿಂದಿನ ಹಲ್ಲಿನ ಚುಕ್ಕಿಯನ್ನು ಕೆರೆದು ತುಂಬಿದರು. ನೇತ್ರಾ ಇಡೀ ವರ್ಗಕ್ಕೆ ಬಾಯಿ ತೆರೆದು ತೋರಿಸಿ ಬಂದಳು. ಬ್ರಷ್ ಹಿಡಿದ ಅಜ್ಜಿಯ ಬೆರಳನ್ನು ಮಾತ್ರ ಎರಡು ರಾತ್ರಿ ಕಚ್ಚಿದಳು. ಮೂರನೆಯ ರಾತ್ರಿ ಕರಾರು ಹಾಕಿದಳು: “ಆಯಿ, ನೀ ಮಿಶ್ರಿ ತಿಕ್ಕೂದು ಬಿಟ್ಟರ ನಾ ಬಾಯಿ ತಗೀತೇನಿ.”

ಮೂವತ್ತು ವರ್ಷದಿಂದ ಹಲ್ಲಿಗೆ ತಿಕ್ಕುತ್ತ ಬಂದ ತಂಬಾಕಿನ ಪುಡಿ ಅದು. ರೇಣವ್ವ ಒಪ್ಪಿದಳು, ಆದರೆ ಪೂರ್ತಿ ಬಿಡಲು ನಾಲ್ಕು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಹಿತ್ತಲಲ್ಲಿ ಕದ್ದು ತಿಕ್ಕುವಾಗ ಮೊಮ್ಮಗಳ ಕೈಗೆ ಸಿಕ್ಕಿಬಿದ್ದಳು.

ಆಮೇಲೆ ರೇಣವ್ವನಿಗೆ ಓಣಿಯ ಹುಡುಗರ ಬಾಯಿಯ ಮೇಲೇ ಕಣ್ಣು. ಆಡುವವರನ್ನು ಕರೆದು, “ಆ ಅನ್ನು,” ಎಂದು ಮೊಬೈಲಿನ ಬೆಳಕು ಬಿಡುವಳು. ತಾಯಂದಿರು ನಕ್ಕರು. ಆಟೋ ಓಡಿಸುವ ಮುನಾಫನ ಹಿರಿಮಗಳಿಗೆ ಅದೇ ಹಿಂದಿನ ಹಲ್ಲಿನಲ್ಲಿ ತೂತು ಕಂಡಿತು.

“ಹಾಲಹಲ್ಲು ಬಿಡ್ರಿ ಆಯಿ,” ಎಂದ ಮುನಾಫ.

“ನಾನೂ ಹಂಗ ಅಂದಾಕಿ ಲೇ. ಗುರುವಾರ ನನ್ನ ಜೋಡಿ ಕಳಸು.”

ಆ ಮಳೆಗಾಲದಲ್ಲಿ ಅವಳು ನವನಗರಕ್ಕೆ ಕರೆದೊಯ್ದ ಮಕ್ಕಳು ನಾಲ್ವರು. ಕೊನೆಯವಳು ಮುನಾಫನ ಕಿರಿಮಗಳು, ಮೂರು ವರ್ಷದ ಪೋರಿ. ಮುಬಶೀರಾ ಅವಳ ಬಾಯಿಯನ್ನು ಎರಡೆರಡು ಸಲ ನೋಡಿದಳು.

“ಈ ಸಣ್ಣಾಕಿಗೆ ಏನೂ ಆಗಿಲ್ಲಲ್ರಿ ಆಯಿ. ಯಾಕ ಕರಕೊಂಡು ಬಂದ್ರಿ?”

“ಅಕ್ಕನ ಜೋಡಿ ನಾನೂ ಬಸ್ ಹತ್ತತೇನಿ ಅಂತ ಅತ್ತಳವ್ವಾ,” ಎಂದಳು ರೇಣವ್ವ. “ಬಂದಾಳ, ನೋಡಿಬಿಡು.”