ಅಜ್ಜಿಯ ಹರಳೆಣ್ಣೆ

ಅಪ್ಪನ ಅಮ್ಮ ಬರುವ ಮೊದಲೇ ಅವಳ ತಲೆಯ ಹರಳೆಣ್ಣೆ ವಾಸನೆ ಬರುತ್ತಿತ್ತು. ಆ ವಾಸನೆ ಬಂದರೆ ಇವತ್ತಿಗೂ ಮೂಗು ಮುಚ್ಚಿಕೊಳ್ಳುತ್ತೇನೆ. ಗುಬ್ಬಿಯಲ್ಲಿ ಅವಳನ್ನು ಹೊಗಳದವರಿಲ್ಲ. ಬಾಣಂತಿಗೆ, ಕಣ್ಣುರಿಗೆ, ಹೊಟ್ಟೆ ಕಟ್ಟಿದ ಕೂಸಿಗೆ, ಎಲ್ಲಕ್ಕೂ ನಂಜಮ್ಮಜ್ಜಿಯ ಎಣ್ಣೆಯೇ ಆಗಬೇಕು. ಮನೆಯ ಮಕ್ಕಳಾದ ನಮಗೋ ಆ ಎಣ್ಣೆಯೂ ಬೇಡ, ಅವಳೂ ಬೇಡ. ಶನಿವಾರ ಬಂತೆಂದರೆ ಮೂಗು ಹಿಡಿದು ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಒಂದೊಂದು ಒಳಲೆ ಎಣ್ಣೆ ಕುಡಿಸುವಳು.

"ಮೊದ್ಲು ಹೊಟ್ಟೆ ಕ್ಲೀನಾಗ್ಲಿ, ಬುದ್ಧಿ ಆಮೇಲ್ ನೋಡ್ಕಳಾನ!"

ಎಣ್ಣೆ ತೆಗೆಯುವ ದಿನ ಅವಳ ದರ್ಬಾರು ನೋಡಬೇಕಿತ್ತು. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಸೌಟಿನಲ್ಲಿ ತೆಗೆಯುವಾಗ ಯಾರೂ ತುಟಿ ಬಿಚ್ಚಬಾರದು, ತೆಗೆಯುವವರು ಏಳಬಾರದು. ಮಾತಾಡಿದರೆ ಎಣ್ಣೆ ಕೆಡುತ್ತದಂತೆ. ಹೊಗೆಯಲ್ಲಿ ಕೂತು ಸೌಟು ಹಿಡಿಯುವ ಶಿಕ್ಷೆ ಯಾವಾಗಲೂ ನಮ್ಮಮ್ಮನಿಗೆ.

ಆ ಮನೆಯಲ್ಲಿ ಅಮ್ಮನದು ಅಂತ ಇದ್ದದ್ದು ತವರು ಹುತ್ರಿದುರ್ಗದಿಂದ ಬಂದ ಹಸು ಒಂದೇ. ಅದು ಹೆಣ್ಣುಕರು ಹಾಕಿದ ದಿನ ಅಮ್ಮ ಗಟ್ಟಿಯಾಗಿ ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದೆ.

ಎಣ್ಣೆ ತೆಗೆಯುತ್ತಿದ್ದ ಒಂದು ಮಧ್ಯಾಹ್ನ ಸ್ಕೂಲಿನಿಂದ ಹಿತ್ತಲ ಬಾಗಿಲಲ್ಲಿ ಬಂದೆ. ಕರು ಹಗ್ಗ ಕಿತ್ತುಕೊಂಡು, ಹುರಿಯಲು ಒಡೆದಿಟ್ಟಿದ್ದ ಹಸಿ ಹರಳಿನ ಮೊರಕ್ಕೆ ಬಾಯಿ ಹಾಕಿತ್ತು. ಒಲೆಯ ಮುಂದಿಂದ ಅಮ್ಮ ಅರ್ಧ ಎದ್ದು ಅತ್ತ ಕೈ ತೋರಿಸುತ್ತಿದ್ದಳು. ಅಜ್ಜಿ ಅತ್ತ ನೋಡಿಯೂ ಅವಳ ಹೆಗಲು ಒತ್ತಿ ಕೂರಿಸಿದಳು.

"ಅಜ್ಜೀ, ಕರು!" ಎಂದು ಕಿರುಚಿದೆ.

"ಬಾಯ್ ಮುಚ್ಚೇ ಮುಂಡೇದೇ, ಎಣ್ಣೆ ಕೆಡ್ತದೆ!" ಎಂದು ಅಜ್ಜಿ ನನಗಿಂತ ಜೋರಾಗಿ ಕಿರುಚಿದಳು.

ಎಣ್ಣೆಗೆ ಏನೂ ಆಗಲಿಲ್ಲ. ಕರುವಿಗೆ ರಕ್ತಭೇದಿ ಹತ್ತಿತು, ನರಳಿ ನರಳಿ ಸತ್ತಿತು. ಅಮ್ಮನಿಗೆ ಅಜ್ಜಿ ಹೇಳಿದ ಸಮಾಧಾನ ಇಷ್ಟೇ: "ಅದ್ಯಾಕಂಗ್ ಅಳ್ತೀಯೇ? ಹಸ ಐತಲ್ಲ, ಇನ್ನೊಂದ್ ಹಾಕ್ತದೆ ಬುಡು."

ಮುಂದೆ ತುಮಕೂರಿನ ಕಾಲೇಜಿನಲ್ಲಿ ಹಸಿ ಹರಳಿನಲ್ಲಿರುವ ಆ ವಿಷದ ಹೆಸರು ರಿಸಿನ್ ಎಂದು ತಿಳಿಯಿತು. ಅದು ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ; ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಅಜ್ಜಿಗೆ ಹೆಸರು ಗೊತ್ತಿರಲಿಲ್ಲ, ವಿಷ ಗೊತ್ತಿತ್ತು. ದನ ಬಾಯಿ ಹಾಕೀತೆಂದು ಹಿಂಡಿಯನ್ನು ತಿಪ್ಪೆಯಲ್ಲಿ ಆಳವಾಗಿ ಹೂಳಿಸುತ್ತಿದ್ದವಳೇ ಅವಳು. ಗೊತ್ತಿದ್ದೂ ಅಮ್ಮನನ್ನು ಕೂರಿಸಿದಳಲ್ಲ, ಅದನ್ನು ನಾನು ಕ್ಷಮಿಸಲಿಲ್ಲ. ಈಗಲೂ ಇಲ್ಲ.

ಅವಳು ಹಾಸಿಗೆ ಹಿಡಿದಾಗ ಊರಿಗೆ ಹೋಗಿದ್ದೆ. ತಲೆಗೆ ಹಚ್ಚು ಎಂದು ಅಮ್ಮ ಹರಳೆಣ್ಣೆಯ ಬಟ್ಟಲು ಕೊಟ್ಟಳು. ಅಜ್ಜಿಗೆ ಕಣ್ಣು ಹೋಗಿತ್ತು.

"ಯಾರೇ ಅದು? ನೀನೇನೇ?" ಎಂದು ನನ್ನ ಕೈ ತಡವಿದಳು. "ಒಂದ್ ಮಾತಾಡೇ, ನನ್ನವ್ವ."

ಬಟ್ಟಲಿನ ಎಣ್ಣೆ ಮುಗಿಯುವವರೆಗೂ ತಿಕ್ಕಿದೆ. ತುಟಿ ಬಿಚ್ಚಲಿಲ್ಲ.