ಉಪ್ಪು ಬಾವಿಯ ನೀರಿನಲ್ಲಿ ಬೆಂದ ಬೇಳೆ

ರಾಜ್ಯ ಒಂದಾದ ಮರುವರ್ಷ, 1957ರಲ್ಲಿ, ನಾನು ಶಹಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ನಮ್ಮ ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಅಲಮಾರಿ. ಅದರ ಕೀಲಿಕೈ ಹಳೆಯ ಸರ್ಕಾರದ ಜೊತೆಗೇ ಹೊರಟುಹೋಗಿತ್ತು. ಇಂಥದರಲ್ಲಿ ಸುತ್ತೋಲೆ ಬಂತು: ಯಾದಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ನೀರಿನ ಸಂಶೋಧನೆಯ ಸ್ಪರ್ಧೆ.

ಒಂಬತ್ತನೆಯ ತರಗತಿಯ ಮಾಳವ್ವ, ಕುರಿ ಸಾಕುವ ಬೀರಪ್ಪನ ಮಗಳು, ಎದ್ದು ನಿಂತಳು. “ಮಾಸ್ತರ್ರಿ, ಸಿಹಿ ಬಾವಿ ನೀರಾಗ ತೊಗರಿ ಬ್ಯಾಳಿ ಬೆಣ್ಣಿ ಆಗ್ತದ. ಉಪ್ಪು ಬಾವಿ ನೀರಾಗ ಹಂಗೇ ಕುಂತಿರ್ತದ. ಯಾಕ್ರಿ?”

ಉಪ್ಪು ಬಾವಿಯದು ಗಡಸು ನೀರು. ಅದರಲ್ಲಿ ಕರಗಿದ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಇಷ್ಟನ್ನು ಹೇಳಿ, “ಎಷ್ಟು ಹೊತ್ತಿನ ಫರಕು ಅಂತ ನೀನೇ ಅಳೆ” ಎಂದೆ. ಅದು ನನಗೂ ಗೊತ್ತಿರಲಿಲ್ಲ.

ಬೀರಪ್ಪ ಷರತ್ತು ಹಾಕಿದ. “ಇನಾಮು ತಂದ್ರ ಮ್ಯಾಟ್ರಿಕ್ ತನಕ ಓದ್ಲಿ. ಇಲ್ಲಂದ್ರ ಕುರಿ ಹಿಂದ ನಡೀಲಿ.”

ಒಂದು ತಿಂಗಳು ಅದೇ ಗಡಿಗೆ, ಅದೇ ಅಳತೆಯ ಬೇಳೆ, ಶಾಲೆಯ ಗಡಿಯಾರ. ಸಿಹಿ ನೀರಿನಲ್ಲಿ ನಲವತ್ತು ನಿಮಿಷ. ಉಪ್ಪು ನೀರಿನಲ್ಲಿ ಒಂದೂವರೆ ತಾಸಾದರೂ ಬೇಯಲಿಲ್ಲ. ಯಾದಗಿರಿಗೆ ಒಯ್ಯಲು ಸಿಹಿ ನೀರು ಒಂದು ಶೀಶೆ, ಉಪ್ಪು ನೀರು ಎರಡು ಶೀಶೆ. ಉಪ್ಪು ನೀರಿನವುಗಳಲ್ಲೊಂದು ಮೊದಲು ಸೀಮೆಎಣ್ಣೆ ತುಂಬಿದ್ದ ಶೀಶೆ. ವಿಜ್ಞಾನದ ಗೌರವ ಕಾಪಾಡಲು ಅದನ್ನು ಸ್ವತಃ ನಾನೇ ತೊಳೆದೆ.

ಸ್ಪರ್ಧೆಯ ದಿನ ಉಪ್ಪು ನೀರಿನ ಬೇಳೆ ಅರ್ಧ ತಾಸಿನಲ್ಲಿ ಕರಗಿ ಗಂಜಿಯಾಯಿತು.

“ನಿನ್ನ ಸಂಶೋಧನೆ ತಲೆಕೆಳಗಾಯಿತಲ್ಲಮ್ಮ” ಎಂದರು ತೀರ್ಪುಗಾರರು. ಹಿಂದೆ ನಿಂತಿದ್ದ ಬೀರಪ್ಪ ಹೊರಡಲೆಂದು ಕಂಬಳಿಯನ್ನು ಹೆಗಲಿಗೇರಿಸಿದ.

ಮಾಳವ್ವ ಅಳಲಿಲ್ಲ. ಶೀಶೆಯಲ್ಲಿ ಉಳಿದ ನೀರನ್ನು ಬೆರಳುಗಳ ನಡುವೆ ಉಜ್ಜಿದಳು. “ಈ ನೀರು ಜಾರಾಕತ್ತದ. ನಮ್ಮ ಬಾವಿ ನೀರು ಜಾರಂಗಿಲ್ಲ. ಮಾಸ್ತರ್ರಿ, ಈ ಶೀಶೆ ಎದರಿಂದ ತೊಳದೀರಿ?”

ಸುಮ್ಮನಿರಬಹುದಿತ್ತು. ನನ್ನ ಪ್ರತಿಷ್ಠೆಯ ಸಲಹೆಯೂ ಅದೇ ಆಗಿತ್ತು. ಬೀರಪ್ಪನ ಹೆಗಲ ಮೇಲಿನ ಕಂಬಳಿಯನ್ನು ನೋಡಿ ಬಾಯಿಬಿಟ್ಟೆ: “ಸೋಡಾ ಹಾಕಿ ತೊಳೆದೆ. ಒಂದೇ ಸಲ ಜಾಲಿಸಿದೆ.” ಸೋಡಾ ಬಿದ್ದರೆ ಎಂಥ ಬೇಳೆಯೂ ಬೇಯುತ್ತದೆಂದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ನಾನು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ.

ಅವಳು ತಾನು ಮರಳಿನಿಂದ ತೊಳೆದಿದ್ದ ಇನ್ನೊಂದು ಶೀಶೆಯ ಉಪ್ಪು ನೀರಿಗೆ ಬೇಳೆ ಹಾಕಿ ಒಲೆಗಿಟ್ಟಳು. ಒಂದೂವರೆ ತಾಸು ಕಾದೆವು. ಬೇಳೆ ಕಾಳುಕಾಳಾಗಿಯೇ ಉಳಿಯಿತು. ಅಷ್ಟರಲ್ಲಿ ಇನಾಮು ಮಣ್ಣಿನ ಅಣೆಕಟ್ಟು ಮಾಡಿದ ಹುಡುಗರ ಪಾಲಾಗಿತ್ತು.

ಬೀರಪ್ಪನ ಎದುರು ತಲೆ ತಗ್ಗಿಸಿದೆ. “ತಪ್ಪು ನಂದು. ಹುಡುಗಿಯನ್ನು ಶಾಲೆ ಬಿಡಿಸಬೇಡ.”

ಅವನು ಬೇಯದ ಬೇಳೆಯನ್ನು ಹಲ್ಲಿನಲ್ಲಿ ಕಡಿದು ನೋಡಿದ. “ಬಿಡಿಸಿದ್ರ ನಿಮಗ ಯಾರು ಕಲಿಸ್ಬೇಕ್ರಿ ಮಾಸ್ತರ್ರಿ? ಓದ್ಲಿ ತಗೋರ್ರಿ.”

ಮುಂದೆ ಇಪ್ಪತ್ತೆಂಟು ವರ್ಷ ಪಾಠ ಹೇಳಿದೆ. ಪ್ರಯೋಗ ಕೆಟ್ಟಾಗಲೆಲ್ಲ ಮಕ್ಕಳನ್ನು ಗದರಿಸುವ ಮೊದಲು ಶೀಶೆ ತೊಳೆದವರು ಯಾರೆಂದು ಕೇಳುತ್ತಿದ್ದೆ. ಬಹಳ ಸಲ ನಾನೇ ಆಗಿರುತ್ತಿದ್ದೆ.