ಒಂಬತ್ತು ದನಗಳ ಎಣಿಕೆ

ನಾನು ಚಿಕ್ಕವಳಿದ್ದಾಗ ನನಗಿದ್ದ ದೊಡ್ಡ ಕಾಯಿಲೆ ಹೊಟ್ಟೆಕಿಚ್ಚು. ಜ್ವರ, ಕೆಮ್ಮು, ಕಜ್ಜಿ ಎಲ್ಲ ಬಂದು ಹೋದವು. ಇದೊಂದು ಹೋಗಲಿಲ್ಲ. ಊರವರ ಮೇಲೆಲ್ಲ ಅಲ್ಲ, ಅಕ್ಕನ ಮೇಲೆ ಮಾತ್ರ. ಅವಳಿಗೆ ಹನ್ನೆರಡು ವರ್ಷ, ನನಗೆ ಹತ್ತು. ಲಿಂಗನಮಕ್ಕಿ ಅಣೆಕಟ್ಟು ಆಗಿ ಕೆಲವು ವರ್ಷ ಕಳೆದಿತ್ತು. ಅಲ್ಲಿಂದ ಕರೆಂಟು ದೂರದ ಊರುಗಳಿಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ.

ನಮ್ಮ ಮನೆ ಮೇಳಿಗೆ ಎಂಬ ಊರಿನ ಹತ್ತಿರ. ಅಪ್ಪನ ಕೆಲಸ ದನ ಹೊಡೆದುಕೊಂಡು ಹೋಗುವುದು. ನಮ್ಮ ದನವಲ್ಲ, ಬೇರೆಯವರದ್ದು. ಯಾರಾದರೂ ಮಗಳ ಮನೆಗೆ ದನ ಕಳಿಸಬೇಕಾದರೆ, ಮಾರಿದ ಎತ್ತನ್ನು ದೂರದ ಊರಿಗೆ ಮುಟ್ಟಿಸಬೇಕಾದರೆ ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ತೀರ್ಥಹಳ್ಳಿ ದಾಟಿ, ಹೊಸನಗರದ ಸೀಮೆ ಹಾದು, ಸಾಗರದವರೆಗೆ ನಾಲ್ಕು ದಿನದ ನಡಿಗೆ. ಲಾರಿ ಇರಲಿಲ್ಲವೆಂದಲ್ಲ. ಗಬ್ಬದ ದನವನ್ನು ಲಾರಿಗೆ ಹತ್ತಿಸಿದರೆ ಹೊಟ್ಟೆಯೊಳಗಿನ ಕರು ಉಳಿಯುವುದಿಲ್ಲ ಎಂದು ಜನ ಹೆದರುತ್ತಿದ್ದರು.

ದನದ ಹಿಂದೆ ಅಪ್ಪ ನಡೆದರೆ ಮುಂದಿನ ದನದ ಹಗ್ಗ ಹಿಡಿಯಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಯಾವಾಗಲೂ ಅಕ್ಕ. ಮೂರು ಸಲ ಹೋಗಿ ಬಂದಿದ್ದಳು. ಬಂದ ದಿನ ಅವಳ ಠೀವಿ ನೋಡಬೇಕಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂರುವಳು. ಅಮ್ಮ ಅವಳ ಅಂಗಾಲಿಗೆ ಹರಳೆಣ್ಣೆ ತಿಕ್ಕುವಳು. ನಾನು ಬಚ್ಚಲಿನಿಂದ ಬಿಸಿನೀರು ಹೊತ್ತು ತರಬೇಕು. ತರುತ್ತಾ ಒಂದು ಚೊಂಬು ನೀರನ್ನು ಬೇಕೆಂದೇ ಚೆಲ್ಲುತ್ತಿದ್ದೆ.

ಹೊಸ ಬಳೆ, ಬೆಂಡು ಬತ್ತಾಸು ತಂದಿದ್ದಕ್ಕೆ ನನಗೆ ಅಷ್ಟು ಉರಿಯಲಿಲ್ಲ. ಮಿಂಚು ನೋಡಿದ್ದಕ್ಕೆ ಉರಿಯಿತು. ಮಿಂಚೆಂದರೆ ನನಗೆ ಹುಚ್ಚು. ಅದು ಎಲ್ಲಿಂದ ಹೊರಡುತ್ತದೆ, ಒಂದೇ ಸಲ ಯಾಕೆ ಕವಲೊಡೆಯುತ್ತದೆ, ನೆಲಕ್ಕೆ ಬಿದ್ದ ಮೇಲೆ ಏನಾಗುತ್ತದೆ ಎಂದು ಅಮ್ಮನ ತಲೆ ತಿನ್ನುತ್ತಿದ್ದೆ. ಅಮ್ಮ ಬಾಗಿಲು ಹಾಕಿ ಒಳಗೆ ಎಳೆಯುವಳು. ಅಕ್ಕ ಬಯಲಲ್ಲಿ ನಿಂತು ನೋಡಿ ಬಂದಿದ್ದಳು, ಸಿಡಿಲು ಬಡಿದ ಮರವನ್ನು ಮುಟ್ಟಿಯೂ ಬಂದಿದ್ದಳು.

"ಹೆಂಗಿರುತ್ತೆ ಅದರ ವಾಸ್ನೆ?" ಎಂದು ಕೇಳಿದರೆ, "ಹೋಗಿ ನೋಡಿದ್ರೆ ಗೊತ್ತಾಗುತ್ತೆ. ಮನೇಲಿ ಕೂತವ್ರಿಗೆ ಎಂತ ಹೇಳದು?" ಎನ್ನುತ್ತಿದ್ದಳು.

ಅವಳಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಮಿಂಚು ಮೊದಲು ಕಾಣುತ್ತದೆ, ಗುಡುಗು ಹಿಂದಿನಿಂದ ಕುಂಟುತ್ತಾ ಬರುತ್ತದೆ. ಎರಡರ ನಡುವೆ ಎಷ್ಟು ಹೊತ್ತು ಎಂದು ಎಣಿಸಿದರೆ ಸಿಡಿಲು ಎಷ್ಟು ಹತ್ತಿರ ಬಂದಿದೆ ಎಂದು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಮ್ಮ ಹಾಲು ಕರೆಯಲು ಹೋಗುತ್ತಿದ್ದ ದೊಡ್ಡಮನೆಯ ಕೊಟ್ಟಿಗೆಯಲ್ಲಿ ಒಂಬತ್ತು ದನಗಳಿದ್ದವು. ಅಪ್ಪ ಅವುಗಳ ಹೆಸರಿನಲ್ಲೇ ಎಣಿಸುತ್ತಿದ್ದರು. ಗೌರಿ, ಕೆಂಪಿ, ಬೆಳ್ಳಿ, ಚುಕ್ಕಿ, ಕಾಳಿ, ತುಂಗೆ, ಲಕ್ಷ್ಮಿ, ಪುಟ್ಟಿ, ದಾಸಿ. ದನ ನಡೆಯುವ ಒಂದು ಹೆಜ್ಜೆಗೆ ಒಂದು ಹೆಸರು, ಅದಕ್ಕಿಂತ ಜೋರೂ ಇಲ್ಲ, ನಿಧಾನವೂ ಇಲ್ಲ. ದಾಸಿಯವರೆಗೆ ಹೇಳಿದರೂ ಗುಡುಗು ಬಾರದಿದ್ದರೆ ನಡೆಯಬಹುದು. ಚುಕ್ಕಿಯೊಳಗೆ ಬಂದರೆ ಹಗ್ಗ ಬಿಟ್ಟು ಕೂರಬೇಕು. ದಾರಿಯಲ್ಲಿ ಎಣಿಸುವ ಕೆಲಸವನ್ನು ಅಪ್ಪ ಅಕ್ಕನಿಗೆ ಕೊಟ್ಟಿದ್ದರು. "ಅವಳ ಬಾಯಿ ದನದ ಹೆಜ್ಜೆ ಇದ್ದ ಹಾಗೆ, ತಪ್ಪೋದಿಲ್ಲ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ದೊಡ್ಡಮನೆಯವರು ಸಾಗರದ ಹತ್ತಿರ ಕೊಟ್ಟ ಮಗಳಿಗೆ ಮೂರು ದನ, ಒಂದು ತುಂಟ ಕರು ಕಳಿಸುವವರಿದ್ದರು. ಕರು ನೋಡಿಕೊಳ್ಳಲು ಮೂರನೆಯವರು ಬೇಕಾಯಿತು. ನಾನು ಎರಡು ದಿನ ಉಣ್ಣದೆ ಹಟ ಹಿಡಿದೆ.

"ಆಯ್ತು, ಬರ್ಲಿ. ಅರ್ಧ ದಾರೀಲಿ ಕಾಲು ನೋವು ಅಂದ್ರೆ ಕರು ಜೊತೆ ಕಟ್ಟಿ ಹಾಕ್ತೀನಿ ನೋಡು" ಎಂದರು ಅಪ್ಪ.

"ಕರುಗೇ ಬೇಜಾರಾದೀತು" ಎಂದಳು ಅಕ್ಕ.

ಬೆಳ್ಳಿ ಮೂಡುವ ಹೊತ್ತಿಗೆ ಹೊರಟೆವು. ದೂರ ನಡೆಯುವುದಕ್ಕೂ ಒಂದು ರೀತಿ ಇದೆ ಎಂದು ಆಗಲೇ ನನಗೆ ತಿಳಿದದ್ದು. ನಾನು ಹೊಸ ಚಪ್ಪಲಿ ಮೆಟ್ಟಿದ್ದೆ. ಅಪ್ಪ ಅದನ್ನು ಬಿಚ್ಚಿಸಿ ಹಳೆಯದನ್ನೇ ಹಾಕಿಸಿದರು. ಹೊಸ ಚಪ್ಪಲಿಯಲ್ಲಿ ದೂರ ಹೋಗುವವನು ಹಿಂತಿರುಗಿ ಬರುವಾಗ ಕುಂಟುತ್ತಾನೆ. ಅವಲಕ್ಕಿ, ಬೆಲ್ಲದ ಗಂಟನ್ನು ಬಟ್ಟೆಗಳ ನಡುವೆ ಇಟ್ಟರೆ ಮಳೆ ಬಂದರೂ ನೆನೆಯುವುದಿಲ್ಲ. ಹಳ್ಳಕ್ಕೆ ದನ ಇಳಿಯುವ ಮುಂಚೆ, ಅದರ ಮೇಲ್ಬದಿಯಲ್ಲಿ ನೀರು ತುಂಬಿಕೊಳ್ಳಬೇಕು. ಮೊದಲ ದಿನ ಹುರುಪಿನಲ್ಲಿ ಓಡಬಾರದು, ಓಡಿದರೆ ಮೂರನೆಯ ದಿನ ಅದು ಕಾಲಿನಲ್ಲಿ ಕಾಣುತ್ತದೆ. ದಾರಿ ಕೇಳುವುದಾದರೆ ಜಗಲಿಯಲ್ಲಿ ಕೂತ ಗಂಡಸನ್ನು ಕೇಳಬಾರದು, ಹೊರೆ ಹೊತ್ತು ಬರುವ ಹೆಂಗಸನ್ನು ಕೇಳಬೇಕು. ಗಂಡಸು "ಇಲ್ಲೇ, ಹತ್ರನೇ" ಎನ್ನುತ್ತಾನೆ, ಅದು ಎರಡು ಗುಡ್ಡದಾಚೆ ಇರುತ್ತದೆ. ತಲೆಯ ಮೇಲೆ ಭಾರ ಇದ್ದವಳಿಗೆ ನಿಜವಾದ ದೂರ ಗೊತ್ತಿರುತ್ತದೆ.

ಇದನ್ನೆಲ್ಲ ಅಪ್ಪ ನನಗೆ ಹೇಳುವ ಮೊದಲೇ ಅಕ್ಕ ಹೇಳಿ ಮುಗಿಸುತ್ತಿದ್ದಳು. ನಾನು ಕರುವಿನ ಹಿಂದೆ ಧೂಳು ಕುಡಿಯುತ್ತಾ ನಡೆದೆ. ಮೊದಲ ರಾತ್ರಿ ಒಂದು ಶಾಲೆಯ ಜಗಲಿಯಲ್ಲಿ, ಎರಡನೆಯ ರಾತ್ರಿ ಗುರುತಿನವರ ಗಾಡಿ ಮನೆಯಲ್ಲಿ ಮಲಗಿದೆವು. ಮೂರನೆಯ ದಿನ ರಿಪ್ಪನ್‌ಪೇಟೆ ದಾಟಿದ ಮೇಲೆ, ಮಧ್ಯಾಹ್ನ ಇಳಿಯುತ್ತಿದ್ದಂತೆ ಸೆಕೆ ಹೆಚ್ಚಿತು. ಗಾಳಿ ನಿಂತಿತು. ದನಗಳು ಮೂಗು ಎತ್ತಿ ನಿಂತವು. ಕಾಡು ಮುಗಿದು ಒಂದು ದೊಡ್ಡ ಬ್ಯಾಣ ಶುರುವಾಗುವ ಜಾಗ ಅದು. ಬ್ಯಾಣ ಎಂದರೆ ಮರವಿಲ್ಲದ ಹುಲ್ಲುಗಾವಲು. ನಡುವೆ ಒಂಟಿ ಮತ್ತಿಮರ ಮಾತ್ರ ಇತ್ತು. ಆಚೆ ಬದಿಯಲ್ಲಿ ಹೆಂಚಿನ ಮನೆಯೊಂದರ ಹೊಗೆ ಕಾಣುತ್ತಿತ್ತು.

ಆಗಲೇ ಕರು ತಪ್ಪಿಸಿಕೊಂಡು ಬಂದ ದಾರಿಯಲ್ಲೇ ಓಡಿತು. ಅಪ್ಪ ಬೈದುಕೊಂಡು ಕೋಲು ಹಿಡಿದು ಹಿಂದೆ ಓಡಿದರು. ಓಡುವ ಮೊದಲು ತಿರುಗಿ ಹೇಳಿದರು. "ಇಲ್ಲೇ ಇರಿ. ಮಿಂಚಿದ್ರೆ ಎಣ್ಸು ಮಗ. ಚುಕ್ಕಿ ಒಳಗೆ ಬಂದ್ರೆ ಆ ತಗ್ಗಲ್ಲಿ ಕೂತ್ಕಳಿ. ಹಗ್ಗ ಬಿಡಿ, ಪಾದ ಜೋಡ್ಸಿ ಕುಕ್ಕರುಗಾಲಲ್ಲಿ ಕೂರಿ, ಒಬ್ರನ್ನೊಬ್ರು ಮುಟ್ಬೇಡಿ. ಚಿಕ್ಕೋಳೇ, ನೀನು ಅಕ್ಕ ಹೇಳಿದ್ದು ಕೇಳು."

ಆ ಕೊನೆಯ ಮಾತು ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೇನೋ.

ಮೊದಲ ಮಿಂಚು ಹೊಳೆಯಿತು. ಅಕ್ಕ ಹೇಳತೊಡಗಿದಳು. "ಗೌರಿ, ಕೆಂಪಿ, ಬೆಳ್ಳಿ, ಚುಕ್ಕಿ, ಕಾಳಿ, ತುಂಗೆ." ಗುಡುಗಿತು.

"ಆರು. ಹತ್ರ ಬರ್ತಾ ಇದೆ. ಕೂರಣ ಬಾ" ಎಂದಳು.

"ನಾಲ್ಕರೊಳಗೆ ಬಂದ್ರೆ ಅಲ್ವನೇ ಕೂರದು? ಅಷ್ಟರಲ್ಲಿ ಆ ಮನೆ ಮುಟ್ಬಹುದು."

"ಅಪ್ಪ ಇಲ್ಲೇ ಇರಿ ಅಂದಿದಾರೆ."

"ಹೆದ್ರುಪುಕ್ಲಿ! ಊರಲ್ಲಿ ಮಿಂಚು ನೋಡ್ದೆ, ಮರ ಮುಟ್ದೆ ಅಂತ ಜಂಬ. ಇಲ್ಲಿ ನೋಡಿದ್ರೆ ತಗ್ಗು ಹುಡುಕ್ತಿದೀಯ."

ಅಕ್ಕನ ಮುಖ ಕೆಂಪಾಯಿತು. ಮತ್ತೆ ಮಿಂಚಿತು. ಈ ಸಲ ನಾನೂ ಎಣಿಸಿದೆ. ಅಕ್ಕ ದನದ ಹೆಜ್ಜೆಯಲ್ಲಿ ಹೇಳಿದಳು, ನಾನು ಒಂದೇ ಉಸಿರಿನಲ್ಲಿ ಒದರಿದೆ. ಗುಡುಗು ಬಂದಾಗ ಅಕ್ಕ ಚುಕ್ಕಿಯ ಹತ್ತಿರ ಇದ್ದಳು. ನಾನು ದಾಸಿ ಮುಟ್ಟಿದ್ದೆ.

"ನಂಗೆ ಒಂಬತ್ತು ಬಂತು!" ಎಂದೆ.

"ನೀ ಓಡ್ಸಿ ಓಡ್ಸಿ ಹೇಳಿದ್ದು ಕಣೇ. ಹಂಗೆ ಹೇಳಿದ್ರೆ ಊರ ದನ ಎಲ್ಲ ಮುಗಿಯುತ್ತೆ. ಬಾ, ಕೂತ್ಕ."

ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಈಗ ಹೇಳಿದರೆ ಅದು ಸುಳ್ಳು. ನನ್ನ ಎಣಿಕೆ ಸುಳ್ಳೆಂದು ಗೊತ್ತಿದ್ದೂ ಅವಳ ಕೈಯಿಂದ ಮುಂದಿನ ದನದ ಹಗ್ಗ ಕಿತ್ತುಕೊಂಡು ಬ್ಯಾಣಕ್ಕೆ ಇಳಿದೆ. ಅಪ್ಪ ಬಂದು ನೋಡುವಾಗ ನಾನು ದನದ ಸಮೇತ ಆಚೆ ಮನೆಯ ಅಂಗಳದಲ್ಲಿ ನಿಂತಿರಬೇಕು, ಅಕ್ಕ ತಗ್ಗಿನಲ್ಲಿ ಕೋಳಿಯ ಹಾಗೆ ಕೂತಿರಬೇಕು. ನನಗೆ ಬೇಕಾದದ್ದು ಅಷ್ಟೇ.

ಮತ್ತಿಮರಕ್ಕೆ ಇನ್ನು ಮೂವತ್ತು ನಲವತ್ತು ಮಾರು ಇತ್ತು. ದಪ್ಪ ಹನಿಗಳು ಹುಲ್ಲಿನ ಮೇಲೆ ಪಟಪಟ ಬಿದ್ದವು. ದನ ಮುಂದೆ ಹೋಗಲು ಒಪ್ಪಲಿಲ್ಲ. ನಾನು ಎಳೆಯುತ್ತಿದ್ದೆ. ಹಿಂದೆ ಅಕ್ಕ ಕೂಗುತ್ತಾ ಓಡಿ ಬರುತ್ತಿದ್ದಳು. ಬಂದವಳೇ ನನ್ನ ಜಡೆ ಹಿಡಿದು ಎಳೆದಳು. ನಾನು ಹಿಂದಕ್ಕೆ ಬಿದ್ದೆ, ಹಗ್ಗ ಕೈತಪ್ಪಿತು.

ಆಮೇಲೆ ಎಣಿಸಲು ಒಂದು ಹೆಸರಿಗೂ ಸಮಯ ಇರಲಿಲ್ಲ. ಬೆಳಕು, ಶಬ್ದ ಎರಡೂ ಒಟ್ಟಿಗೆ ಬಂದವು. ಶಬ್ದ ಎನ್ನುವುದಕ್ಕಿಂತ ಯಾರೋ ಎದೆಗೆ ಒನಕೆಯಿಂದ ಗುದ್ದಿದ ಹಾಗಿತ್ತು. ಕಣ್ಣು ಬಿಟ್ಟಾಗ ಎಲ್ಲ ಹಸಿರು ಹಸಿರಾಗಿ ಕಂಡಿತು. ಮತ್ತಿಮರದ ತೊಗಟೆ ತುದಿಯಿಂದ ಬುಡದವರೆಗೆ ಸುಲಿದು, ಒಳಗಿನ ಮರ ಹೊಗೆಯಾಡುತ್ತಿತ್ತು. ಬೆಂಕಿಕಡ್ಡಿ ಗೀಚಿದ ಹಾಗೆ, ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಒಂದು ವಾಸನೆ. ಕೊನೆಗೂ ನನಗೆ ಸಿಕ್ಕಿತು. ಮೊದಲು ಬಂದ ಯೋಚನೆ ಅದೇ, ಏನು ಮಾಡುವುದು.

"ಅಕ್ಕ, ನಾನೂ ನೋಡ್ದೆ!" ಎಂದೆ. ಅವಳು ಪಕ್ಕದಲ್ಲೇ ಕೂತಿದ್ದಳು. ಉತ್ತರ ಕೊಡಲಿಲ್ಲ. ಸಿಟ್ಟು ಮಾಡಿಕೊಂಡಿದ್ದಾಳೆ ಎಂದುಕೊಂಡೆ. ಮತ್ತೆ ಕರೆದೆ. ಅವಳು ಮರವನ್ನೇ ನೋಡುತ್ತಿದ್ದಳು. ಆಗ ಅವಳ ಬಲಗಿವಿಯಿಂದ ಕತ್ತಿಗೆ ಸಣ್ಣ ಕೆಂಪು ಗೆರೆ ಇಳಿಯುವುದು ಕಂಡಿತು.

ಅಪ್ಪ ಬಯಲಿನಲ್ಲಿ ಬಿದ್ದೆದ್ದು ಓಡಿ ಬಂದರು. ಅಕ್ಕನನ್ನು ಎತ್ತಿಕೊಂಡು, ನನ್ನನ್ನು ದರದರ ಎಳೆದುಕೊಂಡು ಆ ಹೆಂಚಿನ ಮನೆ ಸೇರಿಸಿದರು. ಮನೆಯವರು ಒಳಗೆ ಕೂರಿಸಿ ಬಿಸಿ ಕಷಾಯ ಕೊಟ್ಟರು. ದನ, ಕರು ಮಳೆ ಬಿಟ್ಟ ಮೇಲೆ ಒಂದು ಪೊದೆಯ ಹತ್ತಿರ ಸಿಕ್ಕವು, ಏನೂ ಆಗಿರಲಿಲ್ಲ. ನಾನು ಒಂದೇ ಸಮನೆ ಅಳುತ್ತಿದ್ದೆ. ಅಪ್ಪ ಅಕ್ಕನ ಎಡಗಿವಿಗೆ ಬಾಯಿಟ್ಟು ಕೇಳಿದರು. "ಎಷ್ಟಕ್ಕೆ ಬಂತೇ? ಬ್ಯಾಣಕ್ಕೆ ಯಾಕೆ ಇಳಿದ್ರಿ?"

ಅಕ್ಕ ನನ್ನ ಕಡೆ ನೋಡಿದಳು.

"ನಂಗೆ ಒಂಬತ್ತು ಬಂತಪ್ಪ. ತಪ್ಪು ಎಣ್ಸ್‌ದೆ" ಎಂದಳು.

ಅಪ್ಪ ಪಂಚೆಯ ತುದಿಯಿಂದ ಅವಳ ಕತ್ತಿನ ರಕ್ತ ಒರೆಸಿದರು. ನನ್ನ ಒಂದು ಮಾತು ಸಾಕಿತ್ತು. ಆಡಲಿಲ್ಲ.

ಸಾಗರದಲ್ಲಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ತಮಟೆ ಹರಿದಿದೆ ಎಂದರು. ಔಷಧಿ ಹಾಕಿದರೂ ಆ ಕಿವಿ ಮತ್ತೆ ಕೇಳಲಿಲ್ಲ. ಅಪ್ಪ ಅವಳಿಗೆ ಎರಡು ಕಿತ್ತಳೆ ಹಣ್ಣು ಕೊಡಿಸಿದರು. ನನಗೆ ಒಂದು. ಮಕ್ಕಳೇ, ನಿಜ ಹೇಳುತ್ತೇನೆ, ಆಗಲೂ ನನಗೆ ಹೊಟ್ಟೆ ಉರಿಯಿತು. ಅವಳಿಗೆ ಎರಡು ಯಾಕೆ ಎಂದು. ಆ ಕಾಯಿಲೆ ಅಂಥದ್ದು.

ಮುಂದಿನ ವರ್ಷದಿಂದ ಅಪ್ಪ ನನ್ನನ್ನೇ ಕರೆದುಕೊಂಡು ಹೋದರು. ಎಣಿಸುವ ಕೆಲಸವನ್ನೂ ನನಗೇ ಕೊಟ್ಟರು. ನಾನು ಆಸೆ ಪಟ್ಟದ್ದೆಲ್ಲ ಸಿಕ್ಕಿತು. ಮೊದಲ ಸಲ ಆನಂದಪುರದ ಈಚೆ ಮಿಂಚಿತು. ಸರಿಯಾಗಿ ಎಣಿಸಿದೆ, ಒಂಬತ್ತೇ ಬಂತು. ನಾಲಿಗೆ ಒಂಬತ್ತು ಎನ್ನಲಿಲ್ಲ. "ಮೂರು" ಎಂದು ಚೀರಿ ತಗ್ಗಿಗೆ ಓಡಿ ಕೂತೆ. ಮಳೆಯೂ ಬರಲಿಲ್ಲ, ಏನೂ ಬರಲಿಲ್ಲ. ಅಪ್ಪ ನಿಂತು ನೋಡಿ, "ಎಂತ ಮಾರಾಯ್ತಿ ನೀನು! ಒಂದ್ಸಲ ತಪ್ಪಿದ್ರೂ ನಿನ್ನ ಅಕ್ಕನೇ ವಾಸಿ" ಎಂದರು.

ಅಪ್ಪ ಸಾಯುವವರೆಗೂ ಆ ದಿನ ತಪ್ಪಿದವಳು ಅಕ್ಕ ಎಂದೇ ತಿಳಿದಿದ್ದರು. ನಾನು ಹೇಳಬೇಕೆಂದು ಎಷ್ಟೋ ಸಲ ಅವರ ಹತ್ತಿರ ಹೋಗಿ, ಎಲೆ ಅಡಿಕೆ ಕೊಟ್ಟು ವಾಪಸು ಬಂದೆ. ಮದುವೆಯಾಗಿ ಇಬ್ಬರಿಗೂ ಮಕ್ಕಳಾದ ಮೇಲೆ ಒಮ್ಮೆ ಅಕ್ಕನನ್ನು ಕೇಳಿದೆ, ಅವತ್ತು ಯಾಕೆ ಹಾಗೆ ಹೇಳಿದೆ ಎಂದು. "ನೀ ಮೂಗು ಸುರಿಸ್ಕಂಡು ಅಳ್ತಿದ್ದೆ. ನೋಡಕ್ಕೇ ಅಸಹ್ಯ ಆಗ್ತಿತ್ತು. ಅದ್ರ ಮೇಲೆ ಅಪ್ಪ ಹೊಡೆದಿದ್ರೆ ಇನ್ನೂ ಜೋರು ಅಳ್ತಿದ್ದೆ" ಎಂದಳು. ಅವಳೇ ನಿಮ್ಮ ದೊಡ್ಡಜ್ಜಿ. ಈ ಮಾತು ನಿಜವೋ ಎಂದು ಕೇಳುವುದಿದ್ದರೆ ಎಡಗಡೆ ಕೂತು ಕೇಳಿ.

ನಾವು ನಾಲ್ಕು ದಿನ ನಡೆದ ದಾರಿಯನ್ನು ನೀವು ಕಾರಿನಲ್ಲಿ ಒಂದೇ ಬೆಳಗಿನಲ್ಲಿ ಮುಗಿಸುತ್ತೀರಿ. ಅಷ್ಟರೊಳಗೆ ಕಿಟಕಿ ಪಕ್ಕ ಯಾರು ಕೂರುವುದು ಎಂದು ನಾಲ್ಕು ಸಲ ಜಗಳ. ದನದ ಹೆಸರಲ್ಲಿ ಎಣಿಸುವುದು ನಿಮಗೆ ಬೇಡ. ಒಂಬತ್ತು ಬಂದರೆ ಭಯವಿಲ್ಲ ಎಂದು ನಾವು ನಂಬಿದ್ದೇ ತಪ್ಪು. ಗುಡುಗು ಕಿವಿಗೆ ಬಿದ್ದರೆ ಸಾಕು, ಮನೆಯೊಳಗೆ ಹೋಗಬೇಕು ಎಂದು ನಿಮ್ಮ ಪುಸ್ತಕದಲ್ಲೇ ಬರೆದಿದೆಯಂತೆ, ಅದು ಸರಿ. ಮೊನ್ನೆ ನೀವಿಬ್ಬರೂ ಅಂಗಳದಲ್ಲಿ ಆಡುತ್ತಿದ್ದಾಗ ಮೊಬೈಲು ಸಿಡಿಲಿನ ಎಚ್ಚರಿಕೆ ಕೊಟ್ಟಿತು. ದೊಡ್ಡವಳು ಒಳಗೆ ಬಾ ಎಂದಳು. ಚಿಕ್ಕವಳು, ನೀನ್ಯಾರು ಹೇಳೋಕೆ ಎಂದು ಅಲ್ಲೇ ನಿಂತಳು. ನಾನು ಬಂದು ಕಿವಿ ಹಿಂಡಿ ಒಳಗೆ ತಂದದ್ದು ಅದಕ್ಕೆ. ಅಜ್ಜಿ ಸುಮ್ಮನೆ ಬೈದಳು ಎಂದು ಅವಳು ಸಂಜೆಯವರೆಗೆ ಮುಖ ಊದಿಸಿಕೊಂಡಳು.

ಮೊಬೈಲಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಅದಕ್ಕೇ ಅದು ಸರಿಯಾಗಿ ಎಣಿಸುತ್ತದೆ. ಎಣಿಸುವುದು ಅದರ ಕೆಲಸ. ಅಕ್ಕ ಕರೆದಾಗ ಒಳಗೆ ಬರುವುದು ನಿನ್ನ ಕೆಲಸ, ಚಿಕ್ಕವಳೇ.